ಹಿತ್ತಲ ಮಣ್ಣಿನಲ್ಲಿ ಸೀಸ ಸಿಕ್ಕಿದೆ: ಸೊಪ್ಪು ಬೆಳೆಯುವುದೋ, ಬಿಡುವುದೋ?

ಹಿತ್ತಲಗಿಡ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಬೇಸರಿಸದೆ ಓದಿ.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ಮಾವನವರು ಕಟ್ಟಿಸಿದ ಮನೆಯಲ್ಲಿದ್ದೇವೆ. ಹಿಂದೆ ಮೂವತ್ತು ಅಡಿ ಉದ್ದದ ಹಿತ್ತಲಿದೆ. ಅತ್ತೆ ಅಲ್ಲಿ ದಂಟು, ಹರಿವೆ, ಮೆಂತ್ಯ, ಮೂಲಂಗಿ ಬೆಳೆಯುತ್ತಾರೆ. ವಾರಕ್ಕೆ ನಾಲ್ಕು ದಿನ ನಮ್ಮ ಬಸ್ಸಾರು, ಪಲ್ಯ ಎಲ್ಲ ಅದರದೇ. ಎರಡೂವರೆ ವರ್ಷದ ಮಗ ಅಜ್ಜಿಯ ಸೆರಗು ಹಿಡಿದು ಅಲ್ಲೇ ಇರುತ್ತಾನೆ. ಮಣ್ಣು ತಿನ್ನುವ ಚಾಳಿ ಇದೆ. ರಕ್ತಹೀನತೆ ಎಂದು ತೋರಿಸಲು ಹೋದಾಗ ಡಾಕ್ಟರು ಸೀಸದ ಪರೀಕ್ಷೆಯನ್ನೂ ಬರೆದುಕೊಟ್ಟರು. ಡೆಸಿಲೀಟರ್ ರಕ್ತಕ್ಕೆ 11 ಮೈಕ್ರೋಗ್ರಾಂ ಬಂತು.

ಆಮೇಲೆ ಒಂದೊಂದೇ ನೆನಪಾಯಿತು. ಹಿತ್ತಲ ಮೂಲೆಯಲ್ಲಿ ತಗಡಿನ ಶೆಡ್ ಇತ್ತು. ಎಂಬತ್ತರ ದಶಕದಲ್ಲಿ ಅದನ್ನು ಬ್ಯಾಟರಿ ರಿಪೇರಿ ಮಾಡುವವರಿಗೆ ಬಾಡಿಗೆಗೆ ಕೊಟ್ಟಿದ್ದರು. ಹಳೆಯ ಬ್ಯಾಟರಿ ಒಡೆದು, ಆಸಿಡ್ ನೆಲಕ್ಕೆ ಚೆಲ್ಲಿ, ಪ್ಲೇಟುಗಳನ್ನು ಬಾಣಲೆಯಲ್ಲಿ ಕರಗಿಸುತ್ತಿದ್ದರಂತೆ. ಶೆಡ್ ಕೆಡವಿ ಮೂವತ್ತು ವರ್ಷವಾಯಿತು. ನಾನು ಅಲ್ಲಿ ಕುರ್ಚಿಗೆಯಿಂದ ಒಂದು ಗೇಣು ಕೆದಕಿದೆ. ಹುಣಸೆ ಬೀಜದಷ್ಟು ದೊಡ್ಡ ಬೂದುಬಣ್ಣದ ಉಂಡೆ ಸಿಕ್ಕಿತು. ಅಷ್ಟು ಚಿಕ್ಕದಾದರೂ ಅಂಗೈಗೆ ಭಾರ. ಉಗುರಿನಿಂದ ಗೀರಿದರೆ ಗೀರಿದಲ್ಲಿ ಬೆಳ್ಳಗೆ ಹೊಳೆಯಿತು.

ಮೂರು ಕಡೆಯ ಮಣ್ಣನ್ನು ಖಾಸಗಿ ಪ್ರಯೋಗಾಲಯಕ್ಕೆ ಕೊಟ್ಟೆ. ಕಿಲೋ ಮಣ್ಣಿಗೆ ಸೀಸ, ಬಾವಿಕಟ್ಟೆಯ ಬಳಿ 38 ಮಿಲಿಗ್ರಾಂ, ನಡುವೆ 190, ಶೆಡ್ ಇದ್ದಲ್ಲಿ 900. ಅಲ್ಲಿ ಮಣ್ಣಿನ ರಸಸಾರ (ಪಿಎಚ್) 5.1.

ಅತ್ತೆ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. "ನನ್ನ ಕೈಯಾರೆ ಮಗುವಿಗೆ ವಿಷ ಉಣಿಸಿದೆನೇನಮ್ಮ" ಎಂದು ಕೇಳುತ್ತಾರೆ. ಏನು ಹೇಳಲಿ? ಈ ಸೊಪ್ಪು ತಿನ್ನಬಹುದೇ? ಮಣ್ಣು ತೆಗೆಸಬೇಕೇ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಮಕ್ಕಳ ಡಾಕ್ಟರ್:
ಮೊದಲು ನಿಮ್ಮ ಅತ್ತೆಯವರಿಗೆ ಹೇಳಿ, ತಪ್ಪು ಅವರದಲ್ಲ. ಮಣ್ಣಿನಲ್ಲಿ, ಸೊಪ್ಪಿನಲ್ಲಿ ಸೇರಿದ ಸೀಸ ರುಚಿಯಿಂದಲೋ ವಾಸನೆಯಿಂದಲೋ ಗೊತ್ತಾಗುವುದಿಲ್ಲ. ಸೊಪ್ಪಿನ ಬಣ್ಣ ನೋಡಿ ಯಾರೂ ಹೇಳಲಾರರು.

ಮಗುವಿನ ವಿಚಾರ. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ. 5 ತಲುಪಿದರೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 45 ತಲುಪಿದರೆ ಸೀಸವನ್ನು ಹೊರಹಾಕುವ ಔಷಧಿ ಕೊಡುತ್ತೇವೆ. 11ಕ್ಕೆ ಔಷಧಿಯಿಲ್ಲ, ಮೂಲವನ್ನು ತಡೆಯುವುದೇ ಚಿಕಿತ್ಸೆ. ದೊಡ್ಡವರ ಕರುಳು ನುಂಗಿದ ಸೀಸದಲ್ಲಿ ಹತ್ತರಲ್ಲೊಂದು ಪಾಲನ್ನು ಹೀರಿದರೆ ಸಣ್ಣ ಮಕ್ಕಳ ಕರುಳು ಅರ್ಧದಷ್ಟನ್ನು ಹೀರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಹಸಿದ ಹೊಟ್ಟೆಯಲ್ಲಂತೂ ಮತ್ತೂ ಹೆಚ್ಚು. ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ರಾಗಿ ಗಂಜಿಯೋ ಮಾಲ್ಟೋ ಹೊಟ್ಟೆಗೆ ಬೀಳಲಿ. ರಕ್ತಹೀನತೆಯ ಔಷಧಿಯನ್ನು ತಪ್ಪಿಸಬೇಡಿ, ಇಲ್ಲಿ ಅದು ಎರಡು ಕೆಲಸ ಮಾಡುತ್ತದೆ.

ಮಣ್ಣಿನ ಮೇಲೆಯೇ ಎಲ್ಲ ಹೊರೆ ಹಾಕುವ ಮೊದಲು ಮನೆಯೊಳಗೂ ನೋಡಿ. ಕಣ್ಣಿಗೆ ಹಚ್ಚುವ ಕಾಡಿಗೆ, ಬಿಡಿಯಾಗಿ ಕೊಂಡ ಸಿಂಧೂರ, ಬಿಡಿ ಅರಿಸಿನ ಪುಡಿ, ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆ, ಸಿಪ್ಪೆ ಏಳುತ್ತಿರುವ ಹಳೆಯ ಕಿಟಕಿ ಬಣ್ಣ. ತವರದ ಕಲಾಯಿಗೆ ಅಗ್ಗದ ಸೀಸ ಬೆರೆಸುವವರಿದ್ದಾರೆ. ಅರಿಸಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಹಚ್ಚುವವರೂ ಇದ್ದಾರೆ.

ಬಣ್ಣದ ಕೆಲಸ:
ಡಾಕ್ಟರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ತಂದೆಯ ಕಾಲದಿಂದ ಪೇಂಟಿಂಗ್ ನಮ್ಮ ಕಸುಬು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಹಳದಿ, ಕೆಂಪು, ಹಸಿರು ಎನಾಮೆಲ್ ಇದ್ದರೆ ಒಣಗಿಸಿಕೊಂಡು ಉಜ್ಜಿಸಬೇಡಿ. ಮರಳುಕಾಗದಕ್ಕೆ ನೀರು ಮಾಡಿಕೊಂಡು ಉಜ್ಜಬೇಕು, ಆ ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಉಜ್ಜಿದ ಪುಡಿಯನ್ನು ಗಿಡದ ಬುಡಕ್ಕೆ ಗುಡಿಸಿಬಿಡುವುದನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ. ನಾವೂ ಹಾಗೆ ಮಾಡಿದ್ದೇವೆ, ಗೊತ್ತಿರಲಿಲ್ಲ.

ಕೆಮ್ಮಣ್ಣು:
ಮಣ್ಣಿನ ರಸಾಯನ ಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ತಾಯಿ, ಆ ಉಂಡೆಯನ್ನು ಡಬ್ಬಿಗೆ ಹಾಕಿ ಮುಚ್ಚಿ, ಉಗುರಿನ ಸಂದನ್ನು ಸೋಪು ಹಚ್ಚಿ ತೊಳೆದುಕೊಳ್ಳಿ. ಇನ್ನು ಮೇಲೆ ಉಗುರಿನಿಂದ ಗೀರಬೇಡಿ.

ಜನ ತಪ್ಪು ತಿಳಿಯುವುದು ಇಲ್ಲಿ. ಮಣ್ಣಿನಲ್ಲಿ ಸೀಸ ಇದ್ದರೆ ಗಿಡದೊಳಗೆಲ್ಲ ಸೀಸ ಏರುತ್ತದೆ ಎಂದುಕೊಳ್ಳುತ್ತಾರೆ. ಸೀಸ ಬಹಳ ಜಡ. ಮಣ್ಣಿನ ಜೇಡಿಕಣಕ್ಕೆ, ಸಾವಯವ ಅಂಶಕ್ಕೆ ಅಂಟಿಕೊಂಡು ಕೂರುತ್ತದೆ. ಬೇರಿನವರೆಗೆ ಬಂದದ್ದೂ ಬಹುಪಾಲು ಬೇರಿನಲ್ಲೇ ನಿಲ್ಲುತ್ತದೆ. ಬದನೆ, ಟೊಮೆಟೊ, ಹುರುಳಿಕಾಯಿ, ಹೀರೆ, ಸೋರೆಯ ಕಾಯಿಗೆ ಹೋಗಿ ಸೇರುವುದು ತೀರ ಕಡಿಮೆ. ಹಾಗಾದರೆ ಸೊಪ್ಪಿನಲ್ಲಿ ಹೇಗೆ? ಮಳೆ ಹನಿ ನೆಲಕ್ಕೆ ಬಡಿದಾಗ ಹರಿವೆಯ ಎಲೆಯಡಿಗೆ ಕೆಂಪು ಚುಕ್ಕಿ ಸಿಡಿದಿರುತ್ತದಲ್ಲ, ಆ ಮಣ್ಣು. ದಂಟಿನ ಎಲೆ ಕಾಂಡಕ್ಕೆ ಕೂಡುವ ಸಂದಿನಲ್ಲಿ ಕೂತ ದೂಳು. ಮೂಲಂಗಿಯ ಸಿಪ್ಪೆಗೆ ಅಂಟಿದ ಕೊಳೆ. ಮಗುವಿಗೆ ಇದಕ್ಕಿಂತ ನೇರವಾದ ದಾರಿ ಇನ್ನೊಂದಿದೆ, ಕೈಯಿಂದ ಬಾಯಿಗೆ. ನಿಮ್ಮ ಮಗುವಿನ 11ರಲ್ಲಿ ಸೊಪ್ಪಿಗಿಂತ ತಿಂದ ಮಣ್ಣಿನ ಪಾಲೇ ದೊಡ್ಡದು ಎಂದು ನನ್ನ ಅಂದಾಜು.

ಕ್ಯಾಡ್ಮಿಯಂ ಎಂಬ ಲೋಹ ಬೇರೆ ಜಾತಿ. ಅದು ಸತುವಿನ ವೇಷದಲ್ಲಿ ಬೇರಿನೊಳಗೆ ನುಗ್ಗಿ ಎಲೆಯವರೆಗೂ ಏರುತ್ತದೆ. ಎಷ್ಟು ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಪಾಲಕ್, ದಂಟು, ಹೊಗೆಸೊಪ್ಪು, ಭತ್ತ ಅದನ್ನು ಚೆನ್ನಾಗಿ ಹೀರುತ್ತವೆ. ನಿಮ್ಮ ವರದಿಯಲ್ಲಿ ಕ್ಯಾಡ್ಮಿಯಂ ನೋಡಿಸಿದ್ದೀರಾ? ಇಲ್ಲದಿದ್ದರೆ ನೋಡಿಸಿ. ಬಾವಿಯಲ್ಲಿ ನೀರಿದ್ದರೆ ಅದನ್ನೂ.

900 ಇರುವ ಜಾಗದಲ್ಲಿ ತಿನ್ನುವುದೇನನ್ನೂ ಬೆಳೆಯಬೇಡಿ. ಸಾಮಾನ್ಯ ಮಣ್ಣಿನಲ್ಲಿ ಸೀಸ 10ರಿಂದ 50 ಇರುತ್ತದೆ. ಅಮೆರಿಕದಲ್ಲಿ ಮನೆಯಂಗಳದ ಮಣ್ಣಿಗೆ 400 ಎಂದು ಇಟ್ಟಿದ್ದ ಎಚ್ಚರಿಕೆಯ ಗೆರೆಯನ್ನು 2024ರಲ್ಲಿ 200ಕ್ಕೆ ಇಳಿಸಿದರು. ನಿಮ್ಮ ನಡುವಿನ ಪಟ್ಟಿಯ 190 ಆ ಗೆರೆಯ ತೀರ ಹತ್ತಿರಕ್ಕೆ ಬಂದಿದೆ. ಅಲ್ಲಿ ಸೊಪ್ಪು, ಗೆಡ್ಡೆ ಬಿಟ್ಟು ಕಾಯಿ ಬೆಳೆಯಿರಿ.

ಸೂರ್ಯಕಾಂತಿ:
ಸಾಸಿವೆ, ಸೂರ್ಯಕಾಂತಿ ಬೆಳೆದರೆ ಅವೇ ಸೀಸವನ್ನು ಹೀರಿ ಮಣ್ಣನ್ನು ಶುದ್ಧ ಮಾಡುತ್ತವೆ ಎಂದು ಓದಿದ್ದೇನೆ. ಖರ್ಚಿಲ್ಲದ ದಾರಿ. ಅದನ್ನೇ ಮಾಡಬಹುದಲ್ಲ?

ಕೆಮ್ಮಣ್ಣು:
ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗ, 15 ಸೆಂಟಿಮೀಟರ್ ಆಳ ಎಂದರೆ ಸುಮಾರು 200 ಕಿಲೋ ಮಣ್ಣು. ಕಿಲೋಗೆ 900 ಮಿಲಿಗ್ರಾಂ ಎಂದರೆ 180 ಗ್ರಾಂ ಸೀಸ. ಅದನ್ನು 200ರ ಮಟ್ಟಕ್ಕೆ ತರಲು 140 ಗ್ರಾಂ ಹೊರಗೆ ಹೋಗಬೇಕು. ಒಂದು ಬೆಳೆ ಸಾಸಿವೆಯಿಂದ ಒಣಗಿದ ಮೇಲೆ ಒಂದು ಕಿಲೋ ಕಡ್ಡಿ ಸಿಗುತ್ತದೆ ಎನ್ನಿ. ಅದರಲ್ಲಿ ಧಾರಾಳವಾಗಿ 100 ಮಿಲಿಗ್ರಾಂ ಸೀಸ ಇದೆ ಎನ್ನಿ. ಹೀಗೆ 1,400 ಬೆಳೆ ತೆಗೆಯಬೇಕು. ವರ್ಷಕ್ಕೆ ಮೂರು ಬೆಳೆಯಂತೆ 460 ವರ್ಷಕ್ಕೂ ಹೆಚ್ಚು.

ರಾಸಾಯನಿಕ ಸುರಿದು ಸೀಸವನ್ನು ಕರಗುವಂತೆ ಮಾಡಿದರೆ ಗಿಡ ಹೆಚ್ಚು ಹೀರುತ್ತದೆ, ನಿಜ. ಕರಗಿದ್ದು ಬಾವಿಗೂ ಇಳಿಯುತ್ತದೆ. ಆರ್ಸೆನಿಕ್‌ಗಾದರೆ ಒಂದು ಜರಿಗಿಡ ನಿಜವಾಗಿ ಕೆಲಸ ಮಾಡುತ್ತದೆ, ಅದನ್ನು 2001ರಲ್ಲಿ ಫ್ಲೋರಿಡಾದಲ್ಲಿ ಗುರುತಿಸಿದರು. ಸೀಸಕ್ಕೆ ಅಂಥ ಗಿಡ ನಮ್ಮ ಕೈಯಲ್ಲಿಲ್ಲ. ಈ ಸುದ್ದಿಯನ್ನು ನಂಬಿ ಎರಡು ಬೆಳೆ ಸಾಸಿವೆ ತೆಗೆದು "ಶುದ್ಧವಾಯಿತು" ಎಂದು ಮಕ್ಕಳನ್ನು ಆಡಲು ಬಿಟ್ಟವರನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಹಿತ್ತಲಗಿಡ:
ಹಾಗಾದರೆ ಆ ಮಣ್ಣನ್ನು ಅಗೆಸಿ ತೆಗೆಸಿಬಿಡಲೇ? ಟ್ರ್ಯಾಕ್ಟರಿನವರು ಒಂದು ಲೋಡಿಗೆ ಇಷ್ಟು ಎಂದು ಹೇಳಿದ್ದಾರೆ. ಎಲ್ಲಿಗೆ ಹಾಕುತ್ತೀರಿ ಎಂದರೆ "ಅದನ್ನೆಲ್ಲ ನಮಗೆ ಬಿಡಿ" ಎಂದರು.

ಕೆಮ್ಮಣ್ಣು:
ದಯವಿಟ್ಟು ಬೇಡ. ಅದು ಇನ್ನೊಬ್ಬರ ಖಾಲಿ ನಿವೇಶನಕ್ಕೋ ಕೆರೆಯಂಗಳಕ್ಕೋ ಬೀಳುತ್ತದೆ. ಅಲ್ಲಿಯೂ ಮಕ್ಕಳಿರುತ್ತಾರೆ. ಅಗೆಯುವಾಗ ಏಳುವ ದೂಳು ನಿಮ್ಮ ಮನೆಯೊಳಗೇ ಬರುತ್ತದೆ.

ಅಲ್ಲೇ ಮುಚ್ಚಿ. ನೀರು ಚಿಮುಕಿಸಿ ಮಣ್ಣು ತೇವ ಮಾಡಿಕೊಳ್ಳಿ. ಆಸಿಡ್ ಬಿದ್ದು ಹುಳಿಯಾದ ಮಣ್ಣಿನಲ್ಲಿ ಸೀಸ ಸಡಿಲವಾಗಿರುತ್ತದೆ, ಕೃಷಿ ಸುಣ್ಣ ಬೆರೆಸಿ ರಸಸಾರವನ್ನು 6.5ರಿಂದ 7ಕ್ಕೆ ತನ್ನಿ. ಆಮೇಲೆ ಶೆಡ್ಡಿನ ಜಾಗಕ್ಕೆ ಕಲ್ಲುಚಪ್ಪಡಿಯೋ ಕಾಂಕ್ರೀಟೋ ಹಾಕಿಸಿ. ಬಟ್ಟೆ ಒಗೆಯುವ ಕಲ್ಲು ಅಲ್ಲಿಗೆ ಬರಲಿ. ನಡುವಿನ ಪಟ್ಟಿಗೆ ಕಳೆ ತಡೆಯುವ ಬಟ್ಟೆ ಹಾಸಿ, ಅದರ ಮೇಲೆ ಇಟ್ಟಿಗೆ ಕಟ್ಟಿ ಒಂದಡಿ ಎತ್ತರಕ್ಕೆ ಪರೀಕ್ಷೆ ಮಾಡಿಸಿದ ಹೊಸ ಮಣ್ಣು ತುಂಬಿ. ಗೊಬ್ಬರ ಧಾರಾಳವಾಗಿರಲಿ, ಸಾವಯವ ಅಂಶ ಸೀಸವನ್ನು ಹಿಡಿದಿಡುತ್ತದೆ. ರಂಜಕ ಸೇರಿದರೆ ಸೀಸ ಕರಗದ ಖನಿಜವಾಗುತ್ತದೆ ಎಂಬುದೂ ನಿಜ. ಆದರೆ ಆರ್ಸೆನಿಕ್ ಇರುವ ಜಾಗದಲ್ಲಿ ರಂಜಕ ಸುರಿದರೆ ಆರ್ಸೆನಿಕ್ ಬಿಡಿಸಿಕೊಂಡು ಹೊರಡುತ್ತದೆ, ಕಣ್ಣುಮುಚ್ಚಿ ಹಾಕುವುದಲ್ಲ.

ಹೊಸ ಮಣ್ಣಿನ ಬಗ್ಗೆ ಒಂದು ಎಚ್ಚರಿಕೆ. ಕೆರೆಗೋಡು, ಅಂದರೆ ಕೆರೆಯ ತಳದ ಹೂಳು, ನಮ್ಮ ಹಿರಿಯರಿಗೆ ಚಿನ್ನ. ಬೇಸಿಗೆಯಲ್ಲಿ ಗಾಡಿಗಟ್ಟಲೆ ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಬೆಂಗಳೂರಿನ ಸುತ್ತಿನ, ಚರಂಡಿ ನೀರು ಕುಡಿದ ಕೆರೆಗಳ ಹೂಳನ್ನು ಮಾತ್ರ ಪರೀಕ್ಷೆಯಿಲ್ಲದೆ ತರಬೇಡಿ. ನೀರಿನಲ್ಲಿ ಬಂದ ಲೋಹವೆಲ್ಲ ತಳದ ಹೂಳಿನಲ್ಲಿ ಕೂರುತ್ತದೆ. ನಗರದ ಕಸದಿಂದ ಮಾಡಿದ ಕಾಂಪೋಸ್ಟಿಗೂ ಮಿತಿಯಿದೆ, ಕಿಲೋಗೆ ಸೀಸ 100, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರುವಂತಿಲ್ಲ. ಚೀಲದ ಜೊತೆ ವರದಿ ಕೇಳಿ.

ಪೇಟೆಬೀದಿ:
ಇಷ್ಟೆಲ್ಲ ಪಾಡು ಯಾಕೆ? ಹಿತ್ತಲು ಮುಚ್ಚಿ ಮಾರುಕಟ್ಟೆಯಿಂದ ಸೊಪ್ಪು ತನ್ನಿ. ಆದರೆ ಬಿಡದಿ ಕಡೆಯದು ಬೇಡ. ಆ ರೈತರು ವೃಷಭಾವತಿ ನದಿಯ ಕೊಳಚೆ ನೀರಿನಲ್ಲಿ ವಿಷ ಬೆಳೆದು ನಮಗೆ ಮಾರುತ್ತಿದ್ದಾರೆ.

ಕೆಳದಂಡೆ:
ನಾನು ಬೈರಮಂಗಲ ಕೆರೆಯ ಕೆಳಗಿನ ಊರಿನವನು. ಇದಕ್ಕೆ ಉತ್ತರ ಕೊಡದೆ ಇರಲಾರೆ.

ನಮ್ಮ ಅಜ್ಜ ಆ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದವರು. ಕೆರೆ ಕಟ್ಟಿದ್ದೇ ನಮ್ಮ ಭತ್ತಕ್ಕೆ, 1940ರ ದಶಕದಲ್ಲಿ. ಮೇಲೆ ಬೆಂಗಳೂರು ಬೆಳೆಯಿತು. ಪೀಣ್ಯದ ಕಾರ್ಖಾನೆಗಳ ನೀರು, ಲೋಹಕ್ಕೆ ಹೊಳಪು ಹಾಕುವ ಘಟಕಗಳ ನೀರು, ಊರಿನ ಶೌಚದ ನೀರು, ಎಲ್ಲ ವೃಷಭಾವತಿಗೆ ಬಿತ್ತು. ವೃಷಭಾವತಿ ನಮ್ಮ ಕೆರೆಗೆ ಬಿತ್ತು. ಇಲ್ಲಿಂದ ಅರ್ಕಾವತಿಗೆ, ಅರ್ಕಾವತಿಯಿಂದ ಸಂಗಮದಲ್ಲಿ ಕಾವೇರಿಗೆ. ತೂಬು ಎತ್ತಿದರೆ ನಾಲೆಯಲ್ಲಿ ಆಳೆತ್ತರ ನೊರೆ ಬರುತ್ತದೆ. ಗಾಳಿ ಬೀಸಿದರೆ ಆ ನೊರೆ ಹಾರಿಬಂದು ಹಿಪ್ಪುನೇರಳೆಯ ಮೇಲೆ ಕೂರುತ್ತದೆ. ಆ ಎಲೆ ತಿಂದ ಹುಳು ಸರಿಯಾಗಿ ಗೂಡು ಕಟ್ಟುವುದಿಲ್ಲ. ಅಮ್ಮ ಗದ್ದೆಗೆ ಇಳಿದು ಬಂದ ಸಂಜೆ ಮೊಣಕಾಲವರೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರುತ್ತಾಳೆ, ಕೆರೆತ ತಡೆಯಲಾಗದೆ. ಭತ್ತ ಬಿಟ್ಟವರು ಹುಲ್ಲು, ಬೇಬಿಕಾರ್ನ್ ಹಾಕಿದರು. ಬೋರ್‌ವೆಲ್ ಕೊರೆಸಿದರೆ ಅದರಲ್ಲೂ ಬಣ್ಣದ ನೀರು.

ವಿಷ ಬೆಳೆದವರು ನಾವೋ, ಕಳಿಸಿದವರು ನೀವೋ? ಈ ಪ್ರಶ್ನೆಯನ್ನು ಜಗಳಕ್ಕೆ ಕೇಳುತ್ತಿಲ್ಲ. ನಿಮ್ಮ ಮನೆಯ ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ನೋಡಿ. ಅದು ನಮ್ಮ ಗದ್ದೆಗೆ ಬರುತ್ತದೆ.

ನಮಗೆ ಮಣ್ಣು ಆರೋಗ್ಯ ಚೀಟಿ ಕೊಟ್ಟಿದ್ದಾರೆ. ಹನ್ನೆರಡು ಸಾಲು ಇವೆ. ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ, ಕ್ರೋಮಿಯಂ ಇಲ್ಲ, ನಿಕ್ಕಲ್ ಇಲ್ಲ. ಚೀಟಿಯ ಪ್ರಕಾರ ನಮ್ಮ ಮಣ್ಣು ಫಲವತ್ತಾಗಿದೆ. ಅಕ್ಕನ ಹಾಗೆ ಖಾಸಗಿ ಪ್ರಯೋಗಾಲಯಕ್ಕೆ ದುಡ್ಡು ಕಟ್ಟಿ ನೋಡಿಸಿದೆ ಎನ್ನಿ, ವರದಿ ಕೆಟ್ಟದಾಗಿ ಬಂದರೆ ಆಮೇಲೆ? ಬೆಳೆಯನ್ನು ಯಾರು ಕೊಳ್ಳುತ್ತಾರೆ, ನೆಲವನ್ನು ಯಾರು ಕೊಳ್ಳುತ್ತಾರೆ? ಈ ಭಯದಿಂದಲೇ ನಮ್ಮೂರಿನಲ್ಲಿ ಯಾರೂ ನೋಡಿಸುವುದಿಲ್ಲ.

ಕೆಮ್ಮಣ್ಣು:
ಕೆಳದಂಡೆಯವರೇ, ನಿಮ್ಮ ಮಾತಿನಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ಆ ಚೀಟಿ ಬೆಳೆಗೆ ಏನು ಕಡಿಮೆ ಎಂದು ಹೇಳಲು ಮಾಡಿದ್ದು, ತಿನ್ನುವವರಿಗೆ ಏನು ಹೆಚ್ಚು ಎಂದು ಹೇಳಲು ಅಲ್ಲ. ಕೊಳಚೆ ನೀರು ಹರಿಯುವ ತಾಲ್ಲೂಕುಗಳಲ್ಲಾದರೂ ಇನ್ನು ನಾಲ್ಕು ಸಾಲು ಸೇರಿಸಲೇಬೇಕು, ಖರ್ಚು ಸರ್ಕಾರದ್ದು.

ಜಪಾನಿನ ತೊಯಾಮಾದಲ್ಲಿ ಹೀಗೇ ಆಯಿತು. ಮೇಲಿನ ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ಜಿನ್ಜು ನದಿಗೆ ಬಿತ್ತು, ನದಿಯಿಂದ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ. ಹೆಂಗಸರ ಮೂಳೆಗಳು ಕೆಮ್ಮಿದರೂ ಮುರಿಯುವಷ್ಟು ಟೊಳ್ಳಾದವು. ನೋವಿನ ಕೂಗೇ ಕಾಯಿಲೆಯ ಹೆಸರಾಯಿತು, ಇತಾಯ್ ಇತಾಯ್. 1968ರಲ್ಲಿ ಅಲ್ಲಿನ ಸರ್ಕಾರ ಇದು ಮಾಲಿನ್ಯದಿಂದ ಬಂದ ರೋಗ ಎಂದು ಒಪ್ಪಿತು. ಗದ್ದೆಗಳ ಮಣ್ಣು ಬದಲಿಸುವ ಕೆಲಸ ಮುಗಿದದ್ದು 2012ರಲ್ಲಿ, ಮೂರು ದಶಕಕ್ಕೂ ಹೆಚ್ಚು ಹಿಡಿಯಿತು. ಅದರ ಖರ್ಚಿನಲ್ಲಿ ಗಣಿ ಕಂಪನಿಯೂ ಪಾಲು ಕೊಟ್ಟಿತು, ರೈತರು ಸಾಲ ಮಾಡಿ ಮಣ್ಣು ಬದಲಿಸಲಿಲ್ಲ. ಬೈರಮಂಗಲಕ್ಕೂ ಆಗಬೇಕಾದದ್ದು ಇದೇ.

ಪೇಟೆಬೀದಿ:
ನಾನು ಹಾಗೆ ಬರೆಯಬಾರದಿತ್ತು. ನಮ್ಮ ಮನೆ ರಾಜರಾಜೇಶ್ವರಿನಗರದ ಇಳಿಜಾರಿನಲ್ಲಿದೆ, ನಮ್ಮ ಚರಂಡಿ ಅದೇ ನದಿಗೆ ಸೇರುತ್ತದೆ. ಕ್ಷಮಿಸಿ ಅಣ್ಣ.

ಕೋಲಾರದ ಕೆರೆ:
ನಮ್ಮ ಕಡೆ 2018ರಿಂದ ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಏರಿದೆ, ಸುಳ್ಳು ಹೇಳಲಾರೆ. ಆದರೆ ಆ ಸಂಸ್ಕರಣೆಯಲ್ಲಿ ಲೋಹವೂ ಹೋಗುತ್ತದೆಯೇ ಮೇಷ್ಟ್ರೇ?

ಕೆಮ್ಮಣ್ಣು:
ಎರಡನೇ ಹಂತದ ಸಂಸ್ಕರಣೆಯನ್ನು ರೂಪಿಸಿರುವುದು ಕೊಳೆಯುವ ವಸ್ತುವನ್ನು ತೆಗೆಯಲು. ಲೋಹದ ಒಂದು ಪಾಲು ಕೆಸರಿನ ಜೊತೆ ಹೋಗುತ್ತದೆ, ಎಲ್ಲವೂ ಅಲ್ಲ. ನೀರನ್ನಷ್ಟೇ ಪರೀಕ್ಷಿಸಿದರೆ ಸಾಲದು, ಕೆರೆಯ ತಳದ ಹೂಳನ್ನು ಪ್ರತಿವರ್ಷ ಅದೇ ಜಾಗದಿಂದ ತೆಗೆದು ನೋಡಬೇಕು. ಗ್ರಾಮ ಪಂಚಾಯಿತಿಯಲ್ಲಿ ಬರವಣಿಗೆಯಲ್ಲಿ ಕೇಳಿ.

ದೂರದೂರು:
ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ನಾವು ಕೊಂಡ ಮನೆ 1978ಕ್ಕಿಂತ ಹಳೆಯದು. ಆ ವರ್ಷ ಈ ದೇಶದಲ್ಲಿ ಮನೆಯ ಬಣ್ಣದಲ್ಲಿ ಸೀಸ ನಿಷೇಧವಾಯಿತು. ಗೋಡೆಯ ಬುಡದ ಮಣ್ಣಿನಲ್ಲಿ ನಮಗೂ ಸೀಸ ಸಿಕ್ಕಿತು. ಗೋಡೆಯಿಂದ ಹತ್ತಡಿ ಬಿಟ್ಟು ಎತ್ತರದ ಮಡಿ ಕಟ್ಟಿ ಮೆಂತ್ಯ ಬೆಳೆಯುತ್ತೇನೆ. ನಮಗೆ ಹೆಚ್ಚು ಪ್ರಯೋಜನವಾದದ್ದು ಬಾಗಿಲಾಚೆ ಚಪ್ಪಲಿ ಬಿಡುವ ಅಮ್ಮನ ನಿಯಮ. ದೂಳು ಒಳಗೆ ಬರುವುದೇ ಚಪ್ಪಲಿಯಲ್ಲಿ. ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ ಅಕ್ಕ.

ಹಿತ್ತಲಗಿಡ:
ನಾಲ್ಕು ತಿಂಗಳಾಯಿತು. ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಕ್ಯಾಡ್ಮಿಯಂ ಹೆಚ್ಚಿರಲಿಲ್ಲ, ಬಾವಿ ನೀರು ಸರಿಯಿದೆ. ಶೆಡ್ಡಿನ ಜಾಗಕ್ಕೆ ಸುಣ್ಣ ಬೆರೆಸಿ ಚಪ್ಪಡಿ ಹಾಕಿಸಿದೆವು. ಕೆಲಸದವರಿಗೆ ವಿಷಯ ಹೇಳಿ ಮುಖಕ್ಕೆ ಬಟ್ಟೆ ಕಟ್ಟಿಸಿದೆ. ಊಟಕ್ಕೆ ಮೊದಲು ಸೋಪು ಕೊಟ್ಟು ನಿಂತು ಕೈ ತೊಳೆಸಿದೆ. ನಡುವಿನ ಪಟ್ಟಿಯಲ್ಲಿ ಇಟ್ಟಿಗೆಯ ಮಡಿ ಎದ್ದಿದೆ. ಮಗನ ರಕ್ತದಲ್ಲಿ ಸೀಸ 7ಕ್ಕೆ ಇಳಿದಿದೆ. ಮೂಳೆಯಲ್ಲಿ ಕೂತದ್ದು ಮೆಲ್ಲಗೆ ಬರುತ್ತದೆ, ಇನ್ನೂ ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದಿದ್ದಾರೆ.

ಕೆಳದಂಡೆಯವರೇ, ನಿಮ್ಮ ಮಣ್ಣಿನ ವಿಚಾರ ಅತ್ತೆಗೆ ಓದಿ ಹೇಳಿದೆ. ನಮ್ಮ ಬೀದಿಯ ಹನ್ನೊಂದು ಮನೆಯವರು ಸೇರಿ ದುಡ್ಡು ಹಾಕಿದ್ದೇವೆ. ನಿಮ್ಮೂರಿನ ಆರು ಗದ್ದೆಗಳ ಮಣ್ಣು, ಸೊಪ್ಪು, ಹುಲ್ಲು ಪರೀಕ್ಷೆಗೆ ಸಾಕಾಗುತ್ತದೆ. ವರದಿ ನಿಮ್ಮ ಕೈಗೇ ಬರುತ್ತದೆ, ಊರಿನ ಹೆಸರು ಎಲ್ಲೂ ಹಾಕುವುದಿಲ್ಲ. ಏನು ಮಾಡಬೇಕೆಂದು ನೀವೇ ಹೇಳಿ, ಅರ್ಜಿ ಬರೆಯುವುದಾದರೆ ಮೊದಲ ಸಹಿ ಅತ್ತೆಯದಂತೆ.

ಕೆಳದಂಡೆ:
ಅಕ್ಕ, ಅಮ್ಮನ ಹತ್ತಿರ ಮಾತನಾಡಿದೆ. ಮೊದಲು ನಮ್ಮ ಗದ್ದೆಯದನ್ನೇ ತೆಗೆಯಿರಿ ಎಂದಳು. ಮಣ್ಣು ಹೇಗೆ ತೆಗೆಯಬೇಕು ಮೇಷ್ಟ್ರೇ?

ಕೆಮ್ಮಣ್ಣು:
ನಾಲೆಯಿಂದ ನೀರು ಒಳಗೆ ಬರುವ ಬಾಯಿಯಲ್ಲಿ ಒಂದು, ಗದ್ದೆಯ ನಡುವೆ ಒಂದು, ಕೊನೆಯ ಬದುವಿನಲ್ಲಿ ಒಂದು, ಬೇರೆ ಬೇರೆ ಚೀಲ. ಬೆರೆಸಬೇಡಿ. ಮೇಲಿನ ಕಸ ಸರಿಸಿ ಒಂದು ಗೇಣು ಆಳ. ತುಕ್ಕು ಹಿಡಿದ ಗುದ್ದಲಿ, ಸತು ಲೇಪದ ಬಕೆಟ್ ಬೇಡ, ಪ್ಲಾಸ್ಟಿಕ್ ಇರಲಿ. ನೆರಳಿನಲ್ಲಿ ಒಣಗಿಸಿ. ಭಾನುವಾರ ಬೆಳಿಗ್ಗೆ ಬಿಡದಿಗೆ ಬರುತ್ತೇನೆ, ಮೊದಲ ಗದ್ದೆ ಒಟ್ಟಿಗೇ ಮಾಡೋಣ.